ಹನ್ನೊಂದನೇ ದಿನ ತೆಗೆಸಿದ ಆಸರೆ

ಪ್ರಾರ್ಥನಾಲಯದ ಬೀಮುಗಳ ಕೆಳಗಿದ್ದ ಆಸರೆಯನ್ನು ಹನ್ನೊಂದನೇ ದಿನಕ್ಕೆ ತೆಗೆಸಿದವನು ನಾನು. ಕಾಂಕ್ರೀಟು ಗಟ್ಟಿಯಾಗಲು ಅದು ಇಪ್ಪತ್ತೊಂದು ದಿನ ಇರಬೇಕಿತ್ತು. ಇದು ಗೊತ್ತಿಲ್ಲದೆ ಆದದ್ದಲ್ಲ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಾಂಡ್ಲಿ ಹೊತ್ತವನಾದರೂ, ಇಂಜಿನಿಯರು ತಂದ ನಕ್ಷೆಯಲ್ಲಿ ಕಂಬಿ ಕಡಿಮೆಯಾಗಿದ್ದರೆ ಬೆರಳಿಟ್ಟು ತೋರಿಸುವಷ್ಟು ಕೆಲಸ ಕಲಿತ ಗಾರೆ ಮೇಸ್ತ್ರಿ ನಾನು. ಹಾಗಾಗಿ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಉರಿಗಾಂನಲ್ಲಿರುವ ನಮ್ಮ ಸಭೆಯ ಕಟ್ಟಡಕ್ಕೆ ಮೊದಲು ಶೀಟಿನ ಛಾವಣಿ ಇತ್ತು. ಮಾರ್ಚ್ ಬಂದರೆ ಆರಾಧನೆಯ ಹೊತ್ತಿಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ಶೀಟು ತೆಗೆದು ಕಾಂಕ್ರೀಟಿನ ಮೋಲ್ಡ್ ಹಾಕಿಸಬೇಕೆಂದು ಎಲ್ಲರೂ ಸೇರಿ ತೀರ್ಮಾನ ಮಾಡಿದಾಗ, ಹೊಸ ವರ್ಷದ ಪ್ರಾರ್ಥನೆಯಲ್ಲಿ ನಾನು ಎದ್ದು ನಿಂತು, "ನನ್ನ ಕೂಲಿ ಬೇಡ. ಈ ಸಲದ ಈಸ್ಟರ್ ಆರಾಧನೆ ಹೊಸ ಮೋಲ್ಡಿನ ಕೆಳಗೇನೇ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಸ್ಟರಯ್ಯ ಮಾತ್ರ, "ದೇವರ ಚಿತ್ತವಾದರೆ" ಎಂದು ಸೇರಿಸಿದರು. ಒಳ್ಳೆಯ ಮಾತಿಗೆ ಯಾಕೆ ಹೀಗೆ ಅಡ್ಡ ಹಾಕುತ್ತಾರೆ ಎಂದು ನನಗೆ ಬೇಸರವಾಗಿತ್ತು.

ಗೋಡೆ ಏಳುವುದು ತಡವಾಗಲಿಲ್ಲ. ತಡವಾದದ್ದು ಕಂಬಿಯಿಂದ, ಆಮೇಲೆ ನೀರಿನಿಂದ. ಮೋಲ್ಡ್ ಹಾಕುವ ದಿನ ಎರಡು ಸಲ ಮುಂದೆ ಹೋಯಿತು. ಕೊನೆಗೆ ಹಾಕಿದಾಗ ಈಸ್ಟರಿಗೆ ಇಪ್ಪತ್ತಾರು ದಿನ ಉಳಿದಿತ್ತು.

ಕಾಂಕ್ರೀಟಿನ ಅಡಿಗೆ ಶೀಟು ಹಾಸಿ ಪೋಲು ನಿಲ್ಲಿಸುವ ಆಸರೆಯ ಕೆಲಸವೆಲ್ಲ ಸೆಂಟ್ರಿಂಗ್‌ನವನದು. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಜೊತೆ ಎಷ್ಟೋ ಮನೆಗಳಿಗೆ ಕೆಲಸ ಮಾಡಿದ್ದಾನೆ. ನಮ್ಮ ಸಭೆಗೆ ಸೇರಿದವನಲ್ಲ. ಮನೆದೇವರಿಗೆ ಕೈಮುಗಿಯದೆ ಸುತ್ತಿಗೆ ಹಿಡಿಯುವವನಲ್ಲ. ಇಪ್ಪತ್ತಡಿ ಉದ್ದದ ಎರಡು ಬೀಮುಗಳಿಗೆ ನೀಲಗಿರಿ ಮರದ ಪೋಲುಗಳನ್ನು ಮೂರಡಿಗೊಂದರಂತೆ ನಿಲ್ಲಿಸಿ, ಪ್ರತಿಯೊಂದರ ಬುಡಕ್ಕೂ ಹಲಗೆ ಕೊಟ್ಟು ಬೆಣೆ ಹೊಡೆದ. ಆಮೇಲೆ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಭಾರ ಹೊತ್ತ ಪೋಲಿನ ಸದ್ದು ಗಟ್ಟಿ, ಸಡಿಲವಾಗಿದ್ದರೆ ಬೇರೆ. ಅದು ಅವನ ಕಿವಿಗೆ ಮಾತ್ರ ಗೊತ್ತಾಗುವ ಸದ್ದು.

ಮೋಲ್ಡ್ ಹಾಕಿದ್ದು ಮಂಗಳವಾರ. ಬೆಳಿಗ್ಗೆ ಏಳಕ್ಕೆ ಮಿಕ್ಸರ್ ಶುರುವಾಗಿ ಸಂಜೆ ಐದಕ್ಕೆ ನಿಂತಿತು. ಹದ ತಪ್ಪಿದ ಒಂದು ಬಾಂಡ್ಲಿಯನ್ನೂ ನಾನು ಮೇಲೆ ಹೋಗಲು ಬಿಡಲಿಲ್ಲ. ಮಾರನೇ ದಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನಾಲ್ಕನೇ ದಿನ ಟ್ಯಾಂಕರ್ ಬರಲಿಲ್ಲ, ಐದನೇ ದಿನವೂ ಬರಲಿಲ್ಲ. ಆ ಬಿಸಿಲಿಗೆ ಕಟ್ಟೆಗಳು ಬಿರುಕು ಬಿಟ್ಟು, ಮೋಲ್ಡ್ ಎರಡು ದಿನ ಬೂದಿಯಂತೆ ಬಿಳಿಚಿಕೊಂಡಿತ್ತು. ಆರನೇ ದಿನ ನೀರು ಬಂತು. ಎಳೆ ಕಾಂಕ್ರೀಟಿಗೆ ಬಾಯಾರಿದರೆ ಅದು ಕಸುವು ಹಿಡಿಯುವುದು ನಿಧಾನ. ಇಪ್ಪತ್ತೊಂದರ ಮೇಲೆ ಇನ್ನೂ ನಾಲ್ಕು ದಿನ ಬಿಡಬೇಕಾದ ಕೆಲಸ ಅದು.

ಹತ್ತನೇ ದಿನದ ಸಂಜೆ ಆಂಡರ್ಸನ್‌ಪೇಟೆಯ ನನ್ನ ಮನೆಯಲ್ಲಿ ಕೂತು ಬೆರಳು ಮಡಚಿ ಎಣಿಸಿದೆ. ಇಪ್ಪತ್ತೊಂದಕ್ಕೆ ಪೋಲು ತೆಗೆದರೆ ಉಳಿಯುವುದು ಐದು ದಿನ. ಒಳಗಿನ ಗಾರೆ, ನೆಲ, ಸುಣ್ಣ, ವೈರಿಂಗು ಯಾವುದೂ ಮುಗಿಯುವುದಿಲ್ಲ.

ನಮ್ಮ ಮನೆಯಲ್ಲಿ ವಾಗ್ದಾನದ ಡಬ್ಬಿ ಇದೆ. ನಮ್ಮಂಥವರ ಮನೆಗಳಲ್ಲಿ ಇದ್ದೇ ಇರುತ್ತದೆ. ಸಣ್ಣ ಸಣ್ಣ ಕಾರ್ಡುಗಳಲ್ಲಿ ದೇವರು ಕೊಟ್ಟ ಮಾತುಗಳನ್ನು ಅಚ್ಚು ಮಾಡಿ ಡಬ್ಬಿಯಲ್ಲಿ ತುಂಬಿರುತ್ತಾರೆ. ಪ್ರಾರ್ಥನೆ ಮಾಡಿ ಕಣ್ಣು ಮುಚ್ಚಿ ಒಂದು ಕಾರ್ಡು ತೆಗೆಯಬೇಕು. ಏನು ಬರುತ್ತದೋ ಅದು ಆ ದಿನಕ್ಕೆ ನಮಗೆ ಬಂದ ಮಾತು. ನಾನು ಮೊಣಕಾಲೂರಿ ಪ್ರಾರ್ಥಿಸಿ ಒಂದು ತೆಗೆದೆ. ತಾಳ್ಮೆಯಿಂದ ಕಾದಿರಬೇಕು ಎನ್ನುವ ಅರ್ಥದ್ದು ಬಂತು. ಒಳಕ್ಕೆ ಹಾಕಿದೆ. ಕೈ ಸರಿಯಾಗಿ ಆಡಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಇನ್ನೊಂದು ತೆಗೆದೆ. ಅದು ವಿಧವೆಯರನ್ನೂ ಅನಾಥರನ್ನೂ ಕುರಿತದ್ದು. ಮೂರನೆಯದು, ಹೆದರದೆ ಮುಂದೆ ಹೋಗು, ನಾನು ಜೊತೆಗಿರುತ್ತೇನೆ ಎನ್ನುವಂಥದ್ದು. ಅದನ್ನು ಷರಟಿನ ಜೇಬಿನಲ್ಲಿ ಇಟ್ಟುಕೊಂಡೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಂದ್ ಸಲ ತಗುದ್ರೆ ಮುಗೀತು. ಇದೇನ್ರೀ, ಬೇಕಾದ್ ನಂಬರ್ ಬರೋಗಂಟ ಆಡೋಕೆ ಲಾಟ್ರಿನಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದೆ.

ಶನಿವಾರ, ಹನ್ನೊಂದನೇ ದಿನದ ಬೆಳಿಗ್ಗೆ ಸೆಂಟ್ರಿಂಗ್‌ನವನಿಗೆ, ಎಲ್ಲಾ ಬಿಚ್ಚು ಎಂದೆ. ಅವನು ಬೀಡಿ ಬಾಯಿಂದ ತೆಗೆದು ನನ್ನ ಮುಖ ನೋಡಿದ.

"ಅನ್ನೊಂದ್ ದಿನಕ್ಕಾ? ಬೀಮಿಂದೂವಾ?"

"ಊಂ. ಬೀಮಿಂದೂ."

"ಅಣ್ಣ, ಎರಡ್ ದಿನ ನೀರಿಲ್ದೆ ಒಣಗೈತೆ. ನೀನೇ ಬಂದ್ ನೋಡ್ದೆ. ನಾನ್ ಏಳೋದ್ ಕೇಳು, ಸ್ಲ್ಯಾಬಿಂದು ಬೇಕಾದ್ರೆ ಇನ್ನೊಂದ್ ಮೂರ್ ದಿನಕ್ಕೆ ತಗೀತೀನಿ, ಬೀಮಿನ ತಂಟೆಗೆ ಓಗ್ಬ್ಯಾಡ."

"ಪ್ರಾರ್ಥನೆ ಮಾಡಿದೀನಿ ಕಣ್ಲಾ. ದೇವರು ಅಪ್ಪಣೆ ಕೊಟ್ಟವ್ನೆ."

ಅವನಿಗೆ ನಗು ಬಂತು. "ನಿಮ್ ಯೇಸಪ್ಪ ಮೂರ್ ದಿನಕ್ಕೆ ಎದ್ದ ಅಂತ ಕಾಂಕ್ರೀಟೂ ಅಂಗೇ ಎದ್ ನಿಂತ್ಕೊಳ್ತದಾ? ಅದು ಸಿಮೆಂಟು, ಅದ್ಕೆ ಯಾವ್ ದೇವರೂ ಗೊತ್ತಿಲ್ಲ. ಮಧ್ಯದಾಗೆ ನಾಕ್ ಪೋಲಾದ್ರೂ ಬುಡಣ್ಣ."

ದೇವರ ಹೆಸರಿಗೆ ನಕ್ಕ ಎಂದು ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಸಿಟ್ಟು ಅದಕ್ಕಲ್ಲ. ನನ್ನ ಕೈಕೆಳಗಿನವನು ನನಗೆ ಕೆಲಸ ಹೇಳಿಕೊಡುತ್ತಿದ್ದಾನಲ್ಲ ಎಂಬುದಕ್ಕೆ. "ಮೇಸ್ತ್ರಿ ಯಾರ್ಲಾ, ನೀನಾ ನಾನಾ?" ಎಂದೆ. ಅವನು ಮಾತು ಬೆಳೆಸದೆ ಬೆಣೆ ಹೊಡೆದು ತೆಗೆಯತೊಡಗಿದ. ಸಂಜೆಗೆ ಒಂದು ಪೋಲೂ ಉಳಿಯಲಿಲ್ಲ.

ಸೋಮವಾರ ಮೋಲ್ಡಿನ ಅಂಚಿನ ಮೋಟುಗೋಡೆಗೆಂದು ಸಾಲಿಡ್ ಬ್ಲಾಕು, ಮರಳು ಏರಿಸಿದೆವು. ಹೊರುವ ಹೆಂಗಸರಿಗೆ ಹತ್ತಿರವಾಗಲಿ ಎಂದು ನಾನೇ ಮುಂದಿನ ಬೀಮಿನ ಮೇಲೆ, ನಡು ಮಧ್ಯಕ್ಕೆ ಗುಡ್ಡೆ ಹಾಕಿಸಿದೆ. ಬುಧವಾರ ಬೆಳಿಗ್ಗೆ ಒಳಗೆ ಬಂದು ತಲೆಯೆತ್ತಿದರೆ ಆ ಬೀಮಿನ ಹೊಟ್ಟೆಯಲ್ಲಿ ಮೂರು ಗೆರೆ. ಕೆಳಗಿನಿಂದ ಮೇಲಕ್ಕೆ ಹೋಗಿದ್ದವು, ನಡುವಿನ ಗೆರೆಯಲ್ಲಿ ಉಗುರು ಸಿಕ್ಕುವಷ್ಟು ಸಂದಿ. ಈ ತುದಿಯಿಂದ ಆ ತುದಿಗೆ ದಾರ ಹಿಡಿದೆ. ಮಧ್ಯದಲ್ಲಿ ಅರ್ಧ ಇಂಚು ಇಳಿದಿತ್ತು.

ಯಾರೂ ಬರುವುದಕ್ಕೆ ಮುಂಚೆ ಒಬ್ಬನೇ ಬ್ಲಾಕುಗಳನ್ನು ಪಕ್ಕದ ಗೋಡೆಯ ಮೇಲಕ್ಕೆ ಸಾಗಿಸಿದೆ. ಗೆರೆಗಳಿಗೆ ಸಿಮೆಂಟು ಹಾಲು ತುಂಬಿದೆ. ಬಿರುಕಿಗೆ ಅಡ್ಡವಾಗಿ ಎರಡು ಗಾಜಿನ ಪಟ್ಟಿ ಇಟ್ಟು ತುದಿಗಳನ್ನು ಸಿಮೆಂಟಿನಿಂದ ಅಂಟಿಸಿದೆ. ಹಳೆಯ ಮೇಸ್ತ್ರಿಗಳು ಮಾಡುವ ಕೆಲಸ ಇದು. ಬಿರುಕು ಇನ್ನೂ ಬಾಯಿ ಬಿಡುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಹಾಗೇ ಇರುತ್ತದೆ.

ಅವತ್ತು ಮಧ್ಯಾಹ್ನ ಸಭೆಯ ಹಿರಿಯರೊಬ್ಬರು ಬಂದರು. ಇಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯ ಕೆಳಗೆ ಕೆಲಸ ಮಾಡಿದವರು, ಮನೆಮಾತು ತಮಿಳು. ಯಾವ ಮನೆಗೆ ಹೋದರೂ ಮೊದಲು ನೋಡುವುದು ಮೇಲಕ್ಕೆ. ಬೀಮಿನ ಕೆಳಗೆ ನಿಂತು ಒಂದು ಕಣ್ಣು ಮುಚ್ಚಿದರು.

"ಎನ್ನಪ್ಪಾ ತಂಬಿ, ಬೀಮು ಹೊಟ್ಟೆ ಬಿಟ್ಟ ಹಾಗಿದೆ?"

ನಾಲಿಗೆಯ ಮೇಲೆ ತಯಾರಾಗಿ ಕೂತಿತ್ತೇನೋ ಎನ್ನುವಂತೆ ಬಂತು ನನ್ನ ಸುಳ್ಳು. "ಸೆಂಟ್ರಿಂಗ್‌ನೋನು ಪೋಲು ಸರಿಯಾಗ್ ಕೊಟ್ಟಿರಲಿಲ್ಲ ಅಯ್ಯ. ಕಾಂಕ್ರೀಟ್ ಹಾಕೋವಾಗ್ಲೇ ಒಂದು ಕುಸೀತು. ಸರಿ ಮಾಡಿದೀನಿ, ಏನೂ ಭಯ ಇಲ್ಲ."

"ಅಂಥಾ ಆಳು ದೇವರ ಮನೆಗೆ ಬೇಡ" ಎಂದು ಅವರು ತಲೆಯಾಡಿಸಿಕೊಂಡು ಹೊರಟರು. ಮಾರನೇ ದಿನ ಸೆಂಟ್ರಿಂಗ್‌ನವನು ತನ್ನ ಶೀಟು, ಹಲಗೆ ಒಯ್ಯಲು ಬಂದಾಗ ಹಿರಿಯರು ಗೇಟಿನಲ್ಲೇ ನಿಲ್ಲಿಸಿ ಬೈದರು. ನಾನು ಆಗ ಒಳಗೆ ಗಾರೆ ಎಳೆಯುತ್ತಿದ್ದೆ. ದನಿ ಕೇಳಿಸಿತು. ಹೊರಗೆ ಬರಲಿಲ್ಲ.

ಬಂಗಾರಪೇಟೆಯಲ್ಲಿ ನಾನು ಹಿಡಿದಿದ್ದ ಇನ್ನೊಂದು ಮನೆಯ ಯಜಮಾನರಿಗೂ ಸುದ್ದಿ ಮುಟ್ಟಿತು. ಅಲ್ಲಿಯೂ ಆಸರೆಯ ಕೆಲಸ ಅವನದೇ. "ಅವನು ಸರಿ ಇಲ್ವಂತೆ, ಹೌದಾ?" ಎಂದು ಫೋನಿನಲ್ಲಿ ಕೇಳಿದರು. ಹೌದು ಎಂದೆ. ಒಂದೇ ಸುಳ್ಳನ್ನು ಎರಡನೇ ಸಲ ಹೇಳುವುದು ಎಷ್ಟು ಸುಲಭ ಎಂದು ಆವತ್ತು ಗೊತ್ತಾಯಿತು. ಅವನಿಗೆ ಆ ಕೆಲಸವೂ ಹೋಯಿತು.

ಮುಂದಿನ ದಿನಗಳಲ್ಲಿ ನೆಲ ಮುಗಿಯಿತು, ಸುಣ್ಣ ಮುಗಿಯಿತು. ಬೀಮಿಗೆ ಮಾತ್ರ ಕೊನೆಗೆ ಗಾರೆ ಎಂದು ಹೇಳಿ ಒಂದು ಬಟ್ಟೆ ಇಳಿಬಿಟ್ಟಿದ್ದೆ. ದಿನವೂ ಎಲ್ಲರಿಗಿಂತ ಮುಂಚೆ ಬಂದು ಏಣಿ ಹತ್ತಿ ಗಾಜು ನೋಡುತ್ತಿದ್ದೆ. ಒಡೆದಿಲ್ಲ. ಸ್ತೋತ್ರ ಎನ್ನುತ್ತಿದ್ದೆ. ಗಾಜು ಉಳಿದಿದ್ದನ್ನು ದೇವರು ನನ್ನ ಪರವಾಗಿದ್ದಾನೆ ಎಂಬುದಕ್ಕೆ ಗುರುತು ಮಾಡಿಕೊಂಡೆ. ಏಣಿ ಇಳಿದು ಗೋಡೆಗೆ ಹಣೆಯಿಟ್ಟು ಪ್ರಾರ್ಥಿಸಿದರೆ ಮಾತು ನಡುವೆಯೇ ನಿಂತುಹೋಗುತ್ತಿತ್ತು. ಬಾಯಿಪಾಠವಾಗಿದ್ದ ಪ್ರಾರ್ಥನೆಗಳೂ ಬರುತ್ತಿರಲಿಲ್ಲ.

ಶುಭ ಶುಕ್ರವಾರದ ಆರಾಧನೆ ಹೊರಗೆ ಶಾಮಿಯಾನದ ಕೆಳಗೆ ನಡೆಯಿತು. ಆ ದಿನದ ಪ್ರಸಂಗ ಯಾವುದೆಂದು ಎಲ್ಲರಿಗೂ ಗೊತ್ತು. ತಪ್ಪು ಮಾಡದವನ ಮೇಲೆ ತಪ್ಪು ಹೊರಿಸಿದ ಕಥೆ. ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಕೇಳುವಾಗೆಲ್ಲ ಶಿಲುಬೆಯ ಕೆಳಗೆ ಅಳುತ್ತ ನಿಂತವರ ಜೊತೆ ನಾನೂ ನಿಂತಿರುತ್ತಿದ್ದೆ. ಈ ಸಲ ಅಲ್ಲಿ ನನಗೆ ಜಾಗ ಸಿಗಲಿಲ್ಲ. ಮೂರು ಗಂಟೆ ಹೊತ್ತು ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲಿದ್ದವರು ನನ್ನ ಭಕ್ತಿ ನೋಡಿ ಬೆನ್ನು ಸವರಿದರು.

ಶನಿವಾರ ಬೆಳಿಗ್ಗೆ ಏಣಿ ಹತ್ತಿ ಬಟ್ಟೆ ಸರಿಸಿದಾಗ ಒಂದು ಗಾಜು ಅಡ್ಡಕ್ಕೆ ಸೀಳಿತ್ತು.

ಮರುದಿನ ಬೆಳಿಗ್ಗೆ ಆ ಬೀಮಿನ ಕೆಳಗೆ ಸಭೆಯೆಲ್ಲ ಕೂರುತ್ತದೆ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಮಕ್ಕಳು. ಇದೆಲ್ಲ ಗೊತ್ತಿದ್ದೂ ನನ್ನ ತಲೆಗೆ ಮೊದಲು ಹೊಳೆದದ್ದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ಎರಡು ಪೋಲು ಕೊಟ್ಟು, ಸುತ್ತ ಬಿಳಿ ಬಟ್ಟೆ ಸುತ್ತಿ ಹೂವು ಕಟ್ಟಿಬಿಟ್ಟರೆ ಹಬ್ಬದ ಅಲಂಕಾರ ಎಂದುಕೊಳ್ಳುತ್ತಾರೆ. ಹೊರಗೆ ಹೋಗಿ ಒಂದು ಪೋಲು ತಂದೇಬಿಟ್ಟೆ. ನಿಲ್ಲಿಸಿ ಬೆಣೆ ಹೊಡೆದೆ. ಸುತ್ತಿಗೆಯಿಂದ ತಟ್ಟಿ ಕಿವಿ ಕೊಟ್ಟೆ. ಸದ್ದು ಬಂತು. ಅದು ಗಟ್ಟಿಯದೋ ಸಡಿಲದ್ದೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ತಟ್ಟಿದೆ. ತಿಳಿಯಲಿಲ್ಲ. ಇಷ್ಟು ವರ್ಷ ಈ ಸದ್ದು ನನಗೂ ಗೊತ್ತು ಎಂದುಕೊಂಡೇ ಅವನ ಮೇಲೆ ಯಜಮಾನಿಕೆ ಮಾಡಿದ್ದೆ.

ಸುತ್ತಿಗೆ ನೆಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿದು, ಪಾಸ್ಟರಯ್ಯನವರ ಮನೆಗೆ ನಡೆದೆ.

ಅವರು ನಾಳೆಗೆಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. "ನಾಳೆ ಒಳಗೆ ಯಾರನ್ನೂ ಬಿಡ್ಬೇಡಿ ಅಯ್ಯ." ಹನ್ನೊಂದನೇ ದಿನದಿಂದ ಗಾಜಿನವರೆಗೆ ಎಲ್ಲವನ್ನೂ ಹೇಳಿದೆ. ಕಾರ್ಡಿನ ವಿಷಯವನ್ನೂ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು.

"ಸೆಂಟ್ರಿಂಗ್‌ನವರ ತಪ್ಪು ಅಂತ ಹೇಳಿದ್ರಲ್ಲ?"

"ಸುಳ್ಳು ಹೇಳಿದೆ."

ಅಷ್ಟಕ್ಕೇ ನಿಲ್ಲಿಸದೆ ಸೇರಿಸಿದೆ. "ಇದ್ರಲ್ಲೂ ದೇವರ ಯೋಜನೆ ಏನೋ ಇರಬಹುದು ಅಯ್ಯ..."

"ನಿಲ್ಸಿ" ಎಂದರು. ಅವರು ಹಾಗೆ ಗದರಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ನಿಮ್ಮ ಆತುರಾನ ದೇವರ ತಲೆ ಮೇಲೆ ಹೊರಿಸ್ಬೇಡಿ. ದೇವರು ಏನ್ ಹೇಳ್ತಾನೆ ಅಂತ ಡಬ್ಬಿಯಲ್ಲಿ ಹುಡುಕೋ ಅಗತ್ಯ ಇತ್ತಾ ನಿಮಗೆ? ಇಪ್ಪತ್ತೊಂದು ದಿನ ಅಂತ ನಿಮ್ಮ ಕೈಗೇ ಕಲಿಸಿದ್ದ. ಎದುರಿಗೆ ಒಬ್ಬ ಮನುಷ್ಯನನ್ನ ನಿಲ್ಸಿ ಬಾಯಿಬಿಟ್ಟು ಹೇಳಿಸಿದ. ಇನ್ನೇನ್ ಮಾಡ್ಬೇಕಿತ್ತು ಅವನು?"

ನಾನು ದೇವರನ್ನು ಕೇಳಲು ಹೋಗಿರಲಿಲ್ಲ. ಮೊದಲೇ ತೀರ್ಮಾನ ಮಾಡಿಕೊಂಡು, ಅದಕ್ಕೆ ಅವನ ರುಜು ಹಾಕಿಸಿಕೊಳ್ಳಲು ಹೋಗಿದ್ದೆ. ಮೊದಲನೇ ಕಾರ್ಡಿಗೆ ರುಜು ಸಿಗದಿದ್ದಾಗ ಕೈ ಹಿಡಿದು ಹಾಕಿಸಿದ ಹಾಗೆ.

"ನಾಳೆ ಸಭೆಗೆ ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

"ನಾನೇ ಹೇಳ್ತೀನಿ."

ಈಸ್ಟರಿನ ಬೆಳಿಗ್ಗೆ ಆರಾಧನೆ ಮತ್ತೆ ಅಂಗಳದಲ್ಲೇ. ಹೊಸ ಬಟ್ಟೆಯಲ್ಲಿ ಬಂದವರು ಬೀಗ ಹಾಕಿದ ಬಾಗಿಲನ್ನು ನೋಡಿ ಗುಸುಗುಸು ಮಾಡುತ್ತಿದ್ದರು. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದೆ. ಹೊಸ ವರ್ಷದಲ್ಲಿ ಮಾತಾಡಿದಷ್ಟು ಜೋರಾಗಿ ಮಾತಾಡಬೇಕು ಎಂದುಕೊಂಡಿದ್ದೆ, ಅರ್ಧ ದನಿಯೂ ಬರಲಿಲ್ಲ. ಬೀಮಿನ ವಿಷಯ ಹೇಳಿದಾಗ ತಲೆಗಳು ಬೀಗದ ಕಡೆ ತಿರುಗಿದವು. ಸೆಂಟ್ರಿಂಗ್‌ನವನ ವಿಷಯ ಹೇಳಿದಾಗ ಹಿರಿಯರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಅಡಪಾವಿ! ಗೇಟ್ ಹತ್ರ ಆ ಪಯ್ಯನ್ನ ನಿಲ್ಸಿ ನಾನ್ ಏನೇನ್ ಬೈದೆ ಗೊತ್ತಾ ನಿನಗೆ? ಒಳಗಿದ್ದು ಕೇಳ್ತಾ ಇದ್ಯಾ? ನನ್ನ ಬಾಯಿಂದ ಬೈಸಿದ್ಯಲ್ಲೋ ತಂಬಿ!" ಯಾರೂ ಆಮೆನ್ ಅನ್ನಲಿಲ್ಲ. ನಾನು ಕೂತೆ.

ಸೋಮವಾರ ಕ್ಯಾಸಂಬಳ್ಳಿ ಬಸ್ಸಿನಲ್ಲಿ ಹೋಗಿ ಅವನ ಹಳ್ಳಿಯಲ್ಲಿ ಇಳಿದೆ. ಅವನು ಕೊಟ್ಟಿಗೆಯ ಮುಂದೆ ಹಸುವಿಗೆ ಮೇವು ಕತ್ತರಿಸುತ್ತಿದ್ದ. ತಲೆಯೆತ್ತಿ ನೋಡಿದ, ಕುಡಗೋಲು ನಿಲ್ಲಿಸಲಿಲ್ಲ.

"ಏನ್ ಮೇಸ್ತ್ರಿ, ಇಷ್ಟ್ ದೂರ ಬಂದ್ರಿ?"

ಇಷ್ಟು ವರ್ಷ ಅವನ ಬಾಯಲ್ಲಿ ನಾನು 'ಅಣ್ಣ', 'ನೀನು' ಆಗಿದ್ದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿ, ತಪ್ಪಾಯ್ತು ಎಂದೆ.

"ಗೊತ್ತು. ನೀವೇ ಏಳಿರೋದು ಅಂತ ಅವತ್ತೇ ಗೊತ್ತಾಯ್ತು. ಆ ತಾತ ಬೈದಿದ್ದಕ್ಕೆ ನಂಗೇನೂ ಅನ್ನಿಸಲಿಲ್ಲ ಮೇಸ್ತ್ರಿ. ನೀವು ಒಳಗಿದ್ರಿ. ನಿಮ್ ಕರಣೆ ಸದ್ದು ಕೇಳ್ತಾ ಇತ್ತು ನಂಗೆ. ಬೈಗುಳ ಶುರುವಾದಾಗ ಒಂದ್ ಗಳಿಗೆ ನಿಂತ್ಕಂತು. ಈಗ ಬತ್ತಾನೆ ಅಂದ್ಕೊಂಡೆ. ಆಮೇಲೆ ತಿರ್ಗಾ ಶುರುವಾಯ್ತು."

ಮನೆಯೊಳಗಿಂದ ಅವನ ತಾಯಿ, "ಯಾರ್ಲಾ ಅದು, ಕೂತ್ಕೊ ಅನ್ನು" ಎಂದರು. ಅವನು ಅನ್ನಲಿಲ್ಲ.

"ಏನ್ ಮಾಡ್ಬೇಕ್ ಹೇಳು" ಎಂದೆ.

"ಬಂಗಾರಪೇಟೆಗೆ ನಡೀರಿ. ಆ ಯಜಮಾನ್ರ ಮುಂದೆ, ನನ್ ಎದುರ್ಗೆ, ಇದೇ ಮಾತು ಏಳ್ರಿ."

ಅವನ ಬೈಕಿನಲ್ಲಿ ಹಿಂದೆ ಕೂತು ಹೋದೆ. ಯಜಮಾನರು ಅಂಗಳದಲ್ಲೇ ಸಿಕ್ಕರು. ಹೇಳಿ ಮುಗಿಸಿದಾಗ ಅವರು ಅವನ ಕಡೆ ತಿರುಗಿ, "ನಾಳೆಯಿಂದ ಬಾಪ್ಪ" ಎಂದರು. ನನ್ನ ಕಡೆ ತಿರುಗಿ, "ನೀವು ಬೇಡ. ಬೇರೆ ಮೇಸ್ತ್ರಿ ನೋಡ್ಕೊಳ್ತೀನಿ. ಈ ಮನೇಲಿ ನನ್ನ ಮಕ್ಕಳು ಮಲಗ್ಬೇಕು" ಎಂದರು. ನ್ಯಾಯವಾದ ಮಾತು. ಆ ಅಂಗಳದಿಂದ ರೈಲ್ವೆ ಸ್ಟೇಷನ್‌ವರೆಗೆ ನಡೆದುಹೋದದ್ದು ನನಗೆ ಸರಿಯಾಗಿ ನೆನಪಿಲ್ಲ.

ಪ್ರಾರ್ಥನಾಲಯದ ಕೆಲಸವನ್ನು ಸಭೆಯವರು ನನ್ನಿಂದ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಈ ಸಲ ಇಂಜಿನಿಯರನ್ನು ಕರೆಸಿದೆವು. ಅವರು ನೋಡಿ, ಬೀಮಿನ ಎರಡೂ ಬದಿಗೆ ಸ್ಲ್ಯಾಬಿಗೆ ಆಸರೆ ಕೊಟ್ಟು, ಕೆಟ್ಟ ಕಾಂಕ್ರೀಟನ್ನು ಕೆತ್ತಿ ತೆಗೆದು, ಹೊಸ ಕಂಬಿ ಸೇರಿಸಿ, ಬೀಮನ್ನು ಅಗಲ ಮಾಡಿ ಮತ್ತೆ ತುಂಬಬೇಕು ಎಂದರು. ತಲೆಯಾಡಿಸಿ ಕೇಳಿಸಿಕೊಂಡೆ. ಆಸರೆ ಕೊಡಲು ಸೆಂಟ್ರಿಂಗ್‌ನವನನ್ನು ಹಿರಿಯರೇ ಹೋಗಿ ಕರೆದರು. ಅವನು ಬಂದ, ಒಂದು ಕರಾರು ಹಾಕಿಯೇ ಬಂದ: "ಪೋಲು ನಾನ್ ನಿಲ್ಲಿಸ್ತೀನಿ. ತಗೆಯೋ ದಿನಾನೂ ನಾನೇ ಏಳ್ತೀನಿ. ನಡುವೆ ಯಾರೂ ಬಾಯ್ ಆಕಂಗಿಲ್ಲ."

ಉಳಿ ಹಿಡಿದು ಕೆತ್ತುವ ಕೆಲಸವನ್ನು ಬೇರೆಯವರಿಗೆ ಕೊಡದೆ ನಾನೇ ಮಾಡಿದೆ. ನಾನೇ ಹಾಕಿದ ಕಾಂಕ್ರೀಟು, ಒಂದೊಂದೇ ಬೆರಳಷ್ಟು ಉದುರುತ್ತಿತ್ತು. ಆರು ದಿನ ಹಿಡಿಯಿತು. ಮೇಲಿನಿಂದ ಸ್ಲ್ಯಾಬಿನಲ್ಲಿ ಕೊರೆದ ತೂತುಗಳ ಮೂಲಕ ಹೊಸ ಕಾಂಕ್ರೀಟು ಇಳಿಸಿದೆವು. ಅಲ್ಲಿಂದ ಮುಂದೆ ಮಾಡುವುದಕ್ಕೆ ಏನೂ ಇರಲಿಲ್ಲ. ಅದೇ ನನಗೆ ಕಷ್ಟವಾದದ್ದು. ನಾನು ಕೈ ಕಟ್ಟಿ ಕೂರುವವನಲ್ಲ. ಬೀಮಿಗೆ ಗೋಣಿ ಸುತ್ತಿ ದಿನಕ್ಕೆ ಮೂರು ಹೊತ್ತು ನೀರು ಹಾಕಬೇಕು, ಕಾಯಬೇಕು, ಅಷ್ಟೇ. ಟ್ಯಾಂಕರ್ ಬರದ ದಿನ ಬೀದಿ ನಲ್ಲಿಯಿಂದ ಕೊಡಗಳಲ್ಲಿ ಹೊತ್ತೆ. ಡಬ್ಬಿಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ಮೊದಲ ಕೊಡ ಹಾಕುವಾಗ, "ಇವತ್ತಿಂದು ಇವತ್ತಿಗೆ, ನೀನು ಹೇಳಿದಷ್ಟೇ" ಎನ್ನುತ್ತಿದ್ದೆ. ಅದಕ್ಕಿಂತ ಉದ್ದದ ಪ್ರಾರ್ಥನೆ ನನ್ನಿಂದ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಇಪ್ಪತ್ತೆಂಟನೇ ದಿನ ಸೆಂಟ್ರಿಂಗ್‌ನವನು ಬಂದ. ಒಂದೊಂದೇ ಪೋಲನ್ನು ತಟ್ಟಿ ಕೇಳಿದ. ಬೀಮಿನ ಹೊಟ್ಟೆಗೆ ಅಂಗೈಯಿಟ್ಟು ಆ ತುದಿಯಿಂದ ಈ ತುದಿಗೆ ನಡೆದ. ರಿಪೇರಿಯ ಬೀಮು ಎಂದು ಇಪ್ಪತ್ತೊಂದರ ಬದಲು ಇಪ್ಪತ್ತೆಂಟು ದಿನದ ಲೆಕ್ಕ, ಅದರ ಪ್ರಕಾರ ಅವತ್ತು ತೆಗೆಯಬಹುದಿತ್ತು. ಇಂಜಿನಿಯರೂ ಅದೇ ಹೇಳಿದ್ದರು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಇನ್ನೂ ನಾಕ್ ದಿನ ಇರ್ಲಿ ಮೇಸ್ತ್ರಿ" ಎಂದ.

ಹೇಳಿ ಹೋಗಿಬಿಡಲಿಲ್ಲ. ಸುತ್ತಿಗೆಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತ. ಭಾನುವಾರಕ್ಕೆ ಒಳಗೆ ಕೂರಬಹುದು ಎಂದು ಸಭೆಯವರಿಗೆ ಆಗಲೇ ಆಸೆ ಹುಟ್ಟಿತ್ತು. ನನ್ನ ಬಾಯಿ ತೆರೆಯಿತು ಕೂಡ.

"ಆಗ್ಲಪ್ಪ, ನಾಕ್ ದಿನ" ಎಂದು ಹೇಳಿ, ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೋದೆ.